ಗೂಳಿಗೆ ಕೊಡುವಷ್ಟು

"ಬಾಯಿ ಬಿಡೇ ಮುದುಕಿ. ಬುಲ್‌ಡೋಜ್ ಮಾಡಿದ್ರು, ಬುಲ್‌ಡೋಜ್ ಮಾಡಿದ್ರು ಅಂತ ಆಗಿಂದ ಬಡ್ಕೋತಿದೀಯ. ಯಾವ ನಿಘಂಟಲ್ಲೂ ಇಲ್ಲದ ಮಾತು. ಹಾಗಂದ್ರೆ ಏನು?"

ಎದುರು ಪಕ್ಷದ ಗಡ್ಡದ ವಕೀಲ ಹೀಗೆ ಕೇಳಿದಾಗ ಉದ್ದ ಮೇಜಿನ ಸುತ್ತ ಕೂತಿದ್ದ ಬಿಳಿಯ ದೊಡ್ಡ ಮನುಷ್ಯರೆಲ್ಲ ನಕ್ಕರು. ನನಗಿನ್ನೂ ಮೂವತ್ತು ತುಂಬಿರಲಿಲ್ಲ. ತೊಡೆಯ ಮೇಲೆ ಹಾಲು ಕುಡಿಯುವ ಮಗಳು ವಿನಿ ಇದ್ದಳು. ಗುಲಾಮಗಿರಿ ಹೋಗಿ ನಮ್ಮ ಕರಿಯ ಗಂಡಸರಿಗೆ ವೋಟು ಬಂದು ಇನ್ನೂ ಹತ್ತು ವರ್ಷವಾಗಿರಲಿಲ್ಲ. ಚುನಾವಣೆಯ ವಿಚಾರಣೆ ಎಂದು ನ್ಯೂ ಆರ್ಲಿಯನ್ಸಿನ ಆ ಹೋಟೆಲಿನಲ್ಲಿ ಬೆಳಗಿನಿಂದ ಕೂರಿಸಿದ್ದರು. ಮಗುವಿಗೆ ಎದೆ ಕೊಡಲು ಬಿಟ್ಟಿರಲಿಲ್ಲ. ಹಾಲು ಒಸರಿ ಬಟ್ಟೆ ಒದ್ದೆಯಾಗಿತ್ತು.

"ನಮ್ ಕಡೆ ಗೂಳಿ ಹಟ ಮಾಡಿದ್ರೆ ಚಾವಟೀಲಿ ಹೊಡೀತಾರೆ ಬುದ್ಧಿ. ಗೂಳಿಗೆ ಕೊಡೋವಷ್ಟನ್ನ ಮನ್ಸನಿಗೆ ಕೊಟ್ರೆ ಅದೇ ಬುಲ್‌ಡೋಜ್ ಮಾಡೋದು."

"ಬರೀ ಹೊಡೆಯೋದಾ ಹಾಗಾದ್ರೆ?"

"ಅಲ್ಲ ಬುದ್ಧಿ. ಮೊದ್ಲು ಬಂದು ಯೋಳ್ತಾರೆ, ನಮ್ ಪಕ್ಷಕ್ಕೇ ವೋಟು ಹಾಕು ಅಂತ. ಆಮೇಲೆ ಪಕ್ಕದ್ಮನೆಯೋನ್ಗೆ ಹೊಡೀತಾರೆ, ನಮ್ಗೆ ಕೇಳೋ ಹಂಗೆ. ಆಮೇಲೆ ನಮ್ ಬಾಗ್ಲಿಗ್ ಬತ್ತಾರೆ. ಕೆಲವ್ರಿಗೆ ಆ ಸದ್ದು ಕೇಳಿದ್ದೇ ಸಾಕಾಯ್ತದೆ. ಅವ್ರನ್ನೂ ಬುಲ್‌ಡೋಜ್ ಮಾಡಿದ್ರು ಅಂತ್ಲೇ ಅಂತೀವಿ. ಮೈಮ್ಯಾಲೆ ಒಂದು ಗೀರಿಲ್ದಿದ್ರೂವೆ."

"ನಿನ್ನ ಗಂಡನಿಗೆ ಯಾರು ಹೊಡೆದದ್ದು?"

"ನಮ್ ಜಮೀನ್ದಾರ ಟಾಲಿವರ್. ಮುಖಕ್ಕೆ ಚೀಲ ಕಟ್ಕಂಡಿದ್ದ. ಆ ಸೂಳೆಮಗನ ಗಂಟಲು ನಂಗೊತ್ತಿಲ್ವಾ? ಹುಟ್ಟಿದಾಗ್ನಿಂದ ಬೈಸ್ಕಂಡಿವ್ನಿ."

"ಇಷ್ಟಾದ್ರೂ ನಿನ್ನ ಗಂಡ ತನಗೆ ಬೇಕಾದ ಪಕ್ಷಕ್ಕೇ ವೋಟು ಹಾಕಿದ ಅಂತೀಯ."

"ಹೂಂ ಬುದ್ಧಿ. ಅದನ್ನ ಯೋಳಕ್ಕೇ ಬಂದಿದ್ದು."

"ಅಂದ್ಮೇಲೆ ಬಲವಂತ ಎಲ್ಲಿ ಬಂತು?" ವಕೀಲ ಎರಡೂ ಕೈ ಚೆಲ್ಲಿದ. ಮತ್ತೆ ನಗು.

ನಮ್ಮ ಪಕ್ಷದ ವಾರ್ನಕ್ ಎದ್ದು ನಿಂತ. ಅವನೂ ಬಿಳಿಯನೇ. "ಅವಳು ಹೇಳಿದ್ದನ್ನ ಬರ್ಕೊಳ್ಳಿ. ಇಡೀ ಊರನ್ನೇ ಬುಲ್‌ಡೋಜ್ ಮಾಡಿದಾರೆ," ಎಂದ. ನಮ್ಮ ಕೇರಿಯ ಮಾತು ಅವನ ಬಾಯಲ್ಲಿ ಕೇಳಿ ನನಗೆ ಒಳಗೊಳಗೇ ಹೆಮ್ಮೆಯಾಯಿತು.

ಅವನೇ ನಮ್ಮ ಚರ್ಚಿಗೆ ಬಂದು, "ಸಾಕ್ಷಿ ಹೇಳು ಟೆಂಪಿ. ನಿನ್ನ ಗಂಡ ಐಸಮ್ ವೋಟು ಎಣಿಕೆಗೆ ಬರುತ್ತೆ. ನಿಮ್ಮನ್ನ ಕಾಯೋಕೆ ಸರ್ಕಾರದ ಸೈನಿಕರೂ ನಿಮ್ಮೂರಲ್ಲೇ ಇರ್ತಾರೆ," ಎಂದಿದ್ದ. ಆ ಮಾತು ನಂಬಿ, ಬೋರಲಾಗಿ ಮಲಗಿದ್ದ ಗಂಡನನ್ನು ನೆರೆಯವರಿಗೆ ಒಪ್ಪಿಸಿ ಸ್ಟೀಮರ್ ಹತ್ತಿದ್ದೆ.

ವೋಟಿನ ಚೀಟಿಯನ್ನು ಪಕ್ಷದವರೇ ಅಚ್ಚು ಹಾಕಿಸಿ ಹಂಚುತ್ತಿದ್ದರು. ಅದನ್ನು ಪೆಟ್ಟಿಗೆಯವರೆಗೆ ಮುಟ್ಟಿಸುವುದು ನಮ್ಮ ಗಂಡಸರ ಪಾಡು. ಐಸಮ್‌ನ ಚೀಟಿಯನ್ನು ನಾನು ಅವನ ಹ್ಯಾಟಿನ ಅಸ್ತರಿನೊಳಗೆ ಇಟ್ಟು ಹೊಲಿದಿದ್ದೆ. ಚುನಾವಣೆಯ ಹಿಂದಿನ ರಾತ್ರಿ ಟಾಲಿವರನ ಗುಂಪು ಬಂದಾಗ ಆ ಚೀಟಿಗಾಗಿ ಅವನ ಅಂಗಿ ಹರಿದರು, ಬೂಟು ಕಿತ್ತರು, ನಮ್ಮ ಹಾಸಿಗೆಯನ್ನೂ ಬಗೆದರು. ಬಿಳಿಯರೆದುರು ನಮ್ಮವರು ಹ್ಯಾಟು ತೆಗೆದು ಕೈಯಲ್ಲಿ ಹಿಡಿಯಬೇಕು. ಐಸಮ್ ಹಿಡಿದಿದ್ದ. ಚಾವಟಿ ಬೀಳುವಾಗಲೂ ಎದೆಗೆ ಅವುಚಿಕೊಂಡೇ ಇದ್ದ. ಹೆದರಿದ್ದಾನೆ, ಮರ್ಯಾದೆ ಕೊಡುತ್ತಿದ್ದಾನೆ ಎಂದುಕೊಂಡು ಯಾರೂ ಅದನ್ನು ಮುಟ್ಟಲಿಲ್ಲ. ಬೆಳಗಾದ ಮೇಲೆ ನನ್ನ ಹೆಗಲ ಮೇಲೆ ಭಾರ ಬಿಟ್ಟು ನಡೆದು ಬಂದ. ಪೆಟ್ಟಿಗೆಯ ಮುಂದೆ ನಿಂತು, ಹೊಲಿಗೆಯನ್ನು ಹಲ್ಲಿನಿಂದ ಕಚ್ಚಿ ಬಿಡಿಸಿ ಚೀಟಿ ಹಾಕಿದ.

ವಿಚಾರಣೆ ಮುಗಿದು ತೀರ್ಪು ಬಂದ ದಿನ ವಾರ್ನಕ್ ಓಡಿಬಂದ.

"ಗೆದ್ವಿ ಟೆಂಪಿ! ನಿನ್ನ ಸಾಕ್ಷಿ ಮೇಲೆ ನಿಮ್ಮೂರಿನ ಪೆಟ್ಟಿಗೇನೇ ಹೊರಗೆ ಹಾಕಿದ್ರು. ಬುಲ್‌ಡೋಜ್ ಮಾಡಿದ ಊರಿನ ವೋಟು ವೋಟೇ ಅಲ್ವಂತೆ. ಆ ಪಕ್ಷಕ್ಕೆ ಬಿದ್ದಿದ್ದೆಲ್ಲ ಹೋಯ್ತು!"

"ನಮ್ ಐಸಮ್‌ದು?"

"ಅದೂ ಅದೇ ಪೆಟ್ಟಿಗೇಲಿತ್ತಲ್ಲ." ಅವನು ವಿನಿಯ ಕೆನ್ನೆ ತಟ್ಟಿದ. "ಒಂದು ವೋಟು ತಾನೇ, ಬಿಡು."

"ಎಣಿಸ್ತಾರೆ ಅಂತ ಯೋಳಿದ್ರಿ ಬುದ್ಧಿ. ಅದ್ಕೇ ನಾನು ಬಾಯಿ ಬುಟ್ಟಿದ್ದು."

ಅವನಿಗೆ ಕೇಳಿಸಲಿಲ್ಲ. ಆಗಲೇ ಗಡ್ಡದ ವಕೀಲನ ಬಳಿ ಹೋಗಿದ್ದ. ಒಂದೇ ಕಡ್ಡಿಯಲ್ಲಿ ಇಬ್ಬರೂ ಚುಟ್ಟ ಹಚ್ಚಿಕೊಂಡರು.

ನಮ್ಮೂರಿನ ನದಿಯ ಕಟ್ಟೆಗೆ ಸ್ಟೀಮರ್ ಬಂದು ನಿಂತಿತು. ನಾನು ಹಲಗೆಯ ಮೇಲೆ ಇಳಿಯಲು ಕಾಲಿಟ್ಟರೆ, ಸೈನಿಕರು ಮೂಟೆ ಹೊತ್ತು ಅದೇ ಹಲಗೆಯ ಮೇಲೆ ಹತ್ತಿಬರುತ್ತಿದ್ದರು.

"ದಾರಿ ಬಿಡಮ್ಮ," ಎಂದ ಅವರ ಸಾರ್ಜೆಂಟ್. "ನಮ್ಮ ಕೆಲಸ ಮುಗೀತು."

ಕೆಳಗೆ ಐಸಮ್ ಸೊಂಟ ಬಗ್ಗಿಸಿ ನಿಂತಿದ್ದ. ಟಾಲಿವರ್ ಕುದುರೆಯ ಮೇಲೆ ಅಲ್ಲೇ ಇದ್ದುದರಿಂದ ಹ್ಯಾಟು ಕೈಯಲ್ಲಿತ್ತು. ಅಸ್ತರು ಹರಿದು ನೇತಾಡುತ್ತಿತ್ತು. ನಾನಿನ್ನೂ ಹೊಲಿದುಕೊಟ್ಟಿರಲಿಲ್ಲ.

"ಏನೇ ಟೆಂಪಿ, ಪಟ್ಟಣದೋರ್ಗೆ ಹೊಸ ಮಾತು ಕಲ್ಸಿ ಬಂದ್ಯಂತೆ!" ಟಾಲಿವರ್ ಎಲ್ಲರಿಗೂ ಕೇಳುವಂತೆ ಕೂಗಿದ. "ಈಗ ಈ ಜನರ ಮುಂದೆ ಯೋಳು. ಯಾರೂ ಯಾರ್ಗೂ ಹೊಡ್ದಿಲ್ಲ, ನಾನೇ ಸುಳ್ಳು ಬೊಗ್ಳಿದ್ದು ಅಂತ."

ಐಸಮ್ ಅವನ ಕಡೆ ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದ.

"ಎಣಿಸಿದ್ರಾ ಅಮ್ಮಿ?"

ಬರುವ ದಾರಿಯುದ್ದಕ್ಕೂ ಏನಾದರೂ ಸುಳ್ಳು ಹೇಳಬೇಕೆಂದು ಯೋಚಿಸಿದ್ದೆ. ಆಗಲಿಲ್ಲ.

"ಇಲ್ಲ ಕಣಪ್ಪ. ಎಸುದ್ಬುಟ್ರು. ನಾನು ಯೋಳಿದ್ದಕ್ಕೇ ಎಸುದ್ರು. ನಮ್ಮೋರೇ."

ಅವನು ಹ್ಯಾಟನ್ನು ತಿರುವಿ, ಹರಿದ ಅಸ್ತರಿನೊಳಗೆ ಬೆರಳಾಡಿಸಿದ. ಆಮೇಲೆ ಅದನ್ನು ತಲೆಯ ಮೇಲೆ ಇಟ್ಟುಕೊಂಡ.

ಟಾಲಿವರ್ ಕುದುರೆಯನ್ನು ಅವನ ಹತ್ತಿರಕ್ಕೆ ತಂದ.

"ತೆಗಿಯೋ ಹ್ಯಾಟು, ಬೋಳಿಮಗನೆ."

"ಕೈಲಿ ಹಿಡ್ದೂ ನೋಡಾಯ್ತು ಬುದ್ಧಿ," ಎಂದ ಐಸಮ್.

ಟಾಲಿವರ್ ಜೀನಿಗೆ ಸಿಕ್ಕಿಸಿದ್ದ ಚಾವಟಿ ಬಿಚ್ಚಿದ. ಸ್ಟೀಮರ್ ಸಿಳ್ಳೆ ಹಾಕಿ ದಡ ಬಿಟ್ಟಿತು. ಸಾರ್ಜೆಂಟ್ ಮುಖ ತಿರುಗಿಸಿ ಆಚೆ ದಡ ನೋಡತೊಡಗಿದ. ನಾನು ವಿನಿಯ ತಲೆಗೆ ಶಾಲು ಮುಚ್ಚಿ ಗಂಡನ ಪಕ್ಕಕ್ಕೆ ಹೋಗಿ ನಿಂತೆ.

ಮೊದಲ ಏಟಿಗೆ ಹ್ಯಾಟು ಓರೆಯಾಯಿತು. ಐಸಮ್ ಅದನ್ನು ನೆಟ್ಟಗೆ ಮಾಡಿಕೊಂಡ.