ಬ್ರೇಕಮ್ಮನ ದವಡೆ ನೋವು

ಡ್ರೈವಿಂಗ್ ಸ್ಕೂಲಿನಲ್ಲಿ ಅವಳಿಗೆ ಬ್ರೇಕಮ್ಮ ಎಂದು ಹೆಸರಿಟ್ಟವರು ಯಾರೋ ತಿಳಿಯದು. ಇಪ್ಪತ್ತೆರಡು ವರ್ಷದಿಂದ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿಯಲ್ಲಿರುವ ಇನ್ನೊಂದು ಬ್ರೇಕನ್ನು ಒತ್ತಿ ಒತ್ತಿ, ಅರ್ಧ ಊರಿಗೆ ಕಾರು ಕಲಿಸಿದವಳು. ವಯಸ್ಸು ಐವತ್ತಾರು. ಅವಳು ಒಳಗಿದ್ದರೆ ಆ ಕಾರಿಗೆ ಬೇರೆ ಹಾರ್ನ್ ಬೇಕಿರಲಿಲ್ಲ.

ನೋವು ಶುರುವಾದದ್ದು ಎಡ ದವಡೆಯಲ್ಲಿ. ದಿನವೂ ಬೆಳಿಗ್ಗೆ ಕಲಿಕೆಯ ಮೈದಾನದ ದಿಬ್ಬ ಹತ್ತಿ, ಪ್ಲಾಸ್ಟಿಕ್ ಕೋನುಗಳನ್ನು ಸಾಲಾಗಿ ಇಟ್ಟು ಬರುವುದು ಅವಳದೇ ಕೆಲಸ. ಇಟ್ಟು ಬರುವಷ್ಟರಲ್ಲಿ ದವಡೆಯನ್ನು ಯಾರೋ ಒಳಗಿನಿಂದ ಹಿಡಿದು ಜಗ್ಗಿದ ಹಾಗಾಗುತ್ತಿತ್ತು. ಕಾರಿನಲ್ಲಿ ಐದು ನಿಮಿಷ ಕೂತರೆ ಮಾಯ.

"ಹುಳುಕು ಹಲ್ಲಿರಬೇಕು ಕಣೇ, ತೋರಿಸ್ಕೊಂಡು ಬಾ," ಅಂದ ಗಂಡ. ಅವನದು ಕನ್ನಡಕದ ಅಂಗಡಿ. ಕಣ್ಣು ಬಿಟ್ಟು ಬೇರೆ ಯಾವುದರ ಬಗ್ಗೆಯೂ ಅವನಿಗೆ ಸಂದೇಹವೇ ಇರುತ್ತಿರಲಿಲ್ಲ.

ಹಲ್ಲಿನ ಡಾಕ್ಟರು ಎಕ್ಸ್‌ರೇ ತೆಗೆದು, ಕನ್ನಡಿ ಕಡ್ಡಿಯಿಂದ ಒಂದೊಂದನ್ನೂ ತಟ್ಟಿ ನೋಡಿದರು. "ಹಲ್ಲೆಲ್ಲ ಬಂಡೆ ಇದ್ದ ಹಾಗಿವೆ ನಿಮ್ಮದು. ಯಾವಾಗ ನೋಯುತ್ತೆ?"

"ಬರುತ್ತೆ, ಹೋಗುತ್ತೆ," ಅಂದಳು ಬ್ರೇಕಮ್ಮ. ಹೊರಗೆ ಇಬ್ಬರು ಕಲಿಯುವವರು ಕಾಯುತ್ತಿದ್ದರು. ಸರಿಯಾದ ಪ್ರಶ್ನೆಗೆ ಅವಸರದ ಉತ್ತರ ಕೊಟ್ಟು, ನೋವಿನ ಮಾತ್ರೆ ಬರೆಸಿಕೊಂಡು ಎದ್ದು ಬಂದಳು.

ಆ ತಿಂಗಳು ಅವಳ ಬಳಿ ಕಲಿಯುತ್ತಿದ್ದವರಲ್ಲಿ ನಿವೃತ್ತ ಗಣಿತದ ಮೇಷ್ಟ್ರೊಬ್ಬರಿದ್ದರು. ಮೂರು ಸಲ ಟೆಸ್ಟಿನಲ್ಲಿ ಫೇಲಾದವರು. ಇಪ್ಪತ್ತು ಕಿಲೋಮೀಟರ್ ವೇಗ ದಾಟಿದರೆ ಬೆವರುವವರು. ಒಂದು ಶುಕ್ರವಾರ ಕೋನುಗಳನ್ನಿಟ್ಟು ಬಂದ ಬ್ರೇಕಮ್ಮ ಎಂದಿನಂತೆ ದವಡೆ ಹಿಡಿದು ಕೂತಾಗ, ಅವರು ಕಾರು ಸ್ಟಾರ್ಟ್ ಮಾಡಲೇ ಇಲ್ಲ.

"ಮೇಡಂ, ಬೇಜಾರು ಮಾಡ್ಕೋಬೇಡಿ. ಈ ವಾರ ನೀವು ನಾಲ್ಕು ಸಲ ದವಡೆ ಹಿಡ್ಕೊಂಡ್ರಿ. ನಾಲ್ಕು ಸಲಾನೂ ದಿಬ್ಬ ಹತ್ತಿ ಬಂದ ಮೇಲೇ. ಕೂತಿದ್ದಾಗ ಒಂದು ಸಲವೂ ಇಲ್ಲ."

"ಅದಕ್ಕೇನೀಗ?"

"ನೀವು ದಿಬ್ಬ ಹತ್ತಿದ್ದು ಹಲ್ಲಿಗೆ ಹೇಗೆ ಗೊತ್ತಾಗುತ್ತೆ?"

ಬ್ರೇಕಮ್ಮನಿಗೆ ನಗು ಬಂತು. ಆದರೆ ನಗಲು ಉಸಿರು ಸಾಲಲಿಲ್ಲ. ಅವತ್ತು ನೋವು ಎಡ ಭುಜಕ್ಕೂ ಇಳಿದಿತ್ತು. ತಂಪು ಬೆಳಗಿನಲ್ಲೂ ಹಣೆಯ ಮೇಲೆ ಬೆವರು.

"ನಮ್ಮಕ್ಕನಿಗೂ ಹೀಗೇ ಆಗಿತ್ತು," ಅಂದರು ಮೇಷ್ಟ್ರು. "ಎದೆ ನೋವು ಅಂತ ಬರಲೇ ಇಲ್ಲ. ಬೆನ್ನು ನೋವು ಅಂದ್ಕೊಂಡು ಎರಡು ತಿಂಗಳು ಎಣ್ಣೆ ತಿಕ್ಕಿಸಿಕೊಂಡಳು."

"ಆಮೇಲೆ?"

ಮೇಷ್ಟ್ರು ಗಡಿಯಾರ ನೋಡುತ್ತ, "ಐದು ನಿಮಿಷದಲ್ಲಿ ನೋವು ಇಳೀದಿದ್ರೆ ಆಂಬುಲೆನ್ಸ್ ಕರೀತೀನಿ," ಅಂದರು. ಮೂರನೇ ನಿಮಿಷಕ್ಕೆ ಇಳಿಯಿತು. ಆಸ್ಪತ್ರೆ ಎರಡು ಸರ್ಕಲ್ ಆಚೆಗಿತ್ತು. ಬ್ರೇಕಮ್ಮ ತನ್ನ ಕಡೆಯಿಂದ ಇಳಿದು ಸ್ಟಿಯರಿಂಗಿನ ಕಡೆಗೆ ಬರಲು ಹೊರಟಳು.

"ಕೂತ್ಕೊಳ್ಳಿ. ನಾನು ಓಡಿಸ್ತೀನಿ."

"ನೀವು ಓಡಿಸಿದ್ರೆ ಇಬ್ಬರೂ ಅಡ್ಮಿಟ್ ಆಗ್ತೀವಿ ಮೇಷ್ಟ್ರೇ!"

"ಒಂದೇ ಆಸ್ಪತ್ರೆ ತಾನೆ, ಆಗೋಣ ಬಿಡಿ," ಅಂದು ಅವರು ಗೇರ್ ಹಾಕಿಯೇಬಿಟ್ಟರು.

ಅವಳ ಜೀವನದಲ್ಲಿ ಅಷ್ಟು ಉದ್ದದ ಹತ್ತು ನಿಮಿಷ ಇನ್ನೊಂದಿರಲಿಲ್ಲ. ಮೊದಲ ಸರ್ಕಲ್ಲಿನ ನಟ್ಟನಡುವೆ ಕಾರು ಎರಡು ಸಲ ಬಿಕ್ಕಳಿಸಿ ನಿಂತುಹೋಯಿತು. ಹಿಂದಿನಿಂದ ಲಾರಿಯವನು ಹಾರ್ನ್ ಒತ್ತಿದ್ದೇ ಒತ್ತಿದ್ದು. "ಕ್ಲಚ್! ಕ್ಲಚ್!" ಎಂದು ಕೂಗಲು ಅವಳು ಬಾಯಿ ತೆರೆದಳು.

"ಸುಮ್ನಿರಿ!" ಅಂದರು ಮೇಷ್ಟ್ರು, ಮೂವತ್ತು ವರ್ಷ ತರಗತಿ ಆಳಿದ ದನಿಯಲ್ಲಿ. ಬ್ರೇಕಮ್ಮ ತೆಪ್ಪಗಾದಳು. ಕಾರು ಹೊರಟಿತು. ಆಸ್ಪತ್ರೆಯ ಬಾಗಿಲಲ್ಲಿ ಎರಡು ಕಾರಿನ ಜಾಗವನ್ನು ಅಡ್ಡಡ್ಡ ಆಕ್ರಮಿಸಿ ನಿಂತಾಗ, ಆ ಪಾರ್ಕಿಂಗಿನ ಬಗ್ಗೆಯೂ ಅವಳು ತುಟಿಪಿಟಕ್ಕೆನ್ನಲಿಲ್ಲ.

ಮೊದಲ ಇಸಿಜಿಯಲ್ಲಿ ದೊಡ್ಡದೇನೂ ಕಾಣಲಿಲ್ಲ. "ನೋಡಿದ್ರಾ?" ಎಂದು ಎದ್ದವಳನ್ನು ಹೃದಯದ ಡಾಕ್ಟರಮ್ಮ ಮತ್ತೆ ಮಲಗಿಸಿದರು. "ಸುಮ್ನೆ ಮಲಗಿದ್ದಾಗ ಇಸಿಜಿ ಚೆನ್ನಾಗೇ ಬರಬಹುದು. ಮನೆ ಎಷ್ಟನೇ ಮಹಡಿ?"

"ಎರಡನೇದು."

"ಮೆಟ್ಟಿಲು ಹತ್ತಿ ಹೋಗ್ತೀರಾ?"

ಬ್ರೇಕಮ್ಮ ಯೋಚಿಸಿದಳು. ಎರಡು ತಿಂಗಳಿನಿಂದ ಲಿಫ್ಟೇ. ಮಂಡಿಯ ಮೇಲೆ ತಪ್ಪು ಹೊರಿಸಿದ್ದಳು. ಸಂಜೆಯಾದರೆ ಚಪ್ಪಲಿ ಬಿಚ್ಚುವುದಕ್ಕೂ ಬೇಸರವಾಗುವಷ್ಟು ಸುಸ್ತು. ಅದನ್ನು ವಯಸ್ಸಿನ ತಲೆಗೆ ಕಟ್ಟಿದ್ದಳು. ಸಕ್ಕರೆ ಕಾಯಿಲೆಯ ಮಾತ್ರೆ ನೆನಪಾದಾಗ ಒಂದು. ಹೇಳುತ್ತ ಹೇಳುತ್ತ ಅವಳ ದನಿಯೇ ಸಣ್ಣದಾಯಿತು. "ಆದ್ರೆ ಎದೆ ನೋವು ಬಂದೇ ಇಲ್ವಲ್ಲ ಡಾಕ್ಟ್ರೇ?"

"ಎದೆ ಹಿಡ್ಕೊಂಡು ದಬಕ್ಕಂತ ಬೀಳೋದನ್ನ ಸಿನಿಮಾದಲ್ಲಿ ನೋಡಿರ್ತೀರಿ. ಎಲ್ಲರಿಗೂ ಹಾಗೇ ಬರಬೇಕು ಅಂತಿಲ್ಲ. ಹೆಂಗಸರಿಗಂತೂ ಎಷ್ಟೋ ಸಲ ದವಡೆ, ಭುಜ, ಬೆನ್ನು, ಸುಸ್ತು, ಹೀಗೆ ಹಿಂಬಾಗಿಲಿನಿಂದ ಬರುತ್ತೆ. ಓಡಾಡಿದ್ರೆ ನೋವು, ಕೂತ್ರೆ ಆರಾಮ ಅಂದ್ರಲ್ಲ, ನನಗೆ ಅಷ್ಟು ಸಾಕು."

ಮಾರನೆಯ ದಿನದ ಆಂಜಿಯೋಗ್ರಾಮಿನಲ್ಲಿ ಒಂದು ರಕ್ತನಾಳ ಮುಕ್ಕಾಲಿಗಿಂತ ಹೆಚ್ಚು ಮುಚ್ಚಿರುವುದು ಕಂಡಿತು. ಅಲ್ಲೇ ಸ್ಟೆಂಟ್ ಹಾಕಿದರು. ಹೃದಯಕ್ಕೆ ಇನ್ನೂ ಪೆಟ್ಟು ಬಿದ್ದಿರಲಿಲ್ಲ.

ಗಂಡ ಹಾಸಿಗೆಯ ಪಕ್ಕ ನಿಂತು ಬೈಯಲು ಶುರುಮಾಡಿದ. "ಹಲ್ಲು ನೋವು ಅಂತ ಹೇಳಿ ಹಾರ್ಟ್ ಆಪರೇಷನ್ ಮಾಡಿಸ್ಕೊಳ್ಳೋರು ಇದ್ದಾರೇನೇ ಲೋಕದಲ್ಲಿ!" ಬೈಗುಳವನ್ನು ಅರ್ಧಕ್ಕೇ ಬಿಟ್ಟು, ಅಂಗಡಿಯ ಕನ್ನಡಕ ಒರೆಸುವ ಬಟ್ಟೆಯಲ್ಲೇ ಕಣ್ಣು ಮೂಗು ಒರೆಸಿಕೊಂಡ.

"ಅಳಬೇಡಿ, ರೀ. ನರ್ಸು ನೋಡ್ತಿದ್ದಾಳೆ," ಅಂದಳು ಅವಳು. ಅವನ ಕೈಯನ್ನು ಮಾತ್ರ ಬಿಡಲಿಲ್ಲ.

ಅವಳು ಮನೆಯಲ್ಲಿದ್ದ ತಿಂಗಳಿನಲ್ಲೇ ಮೇಷ್ಟ್ರು ಬೇರೊಬ್ಬರ ಬಳಿ ಕಲಿತು ಟೆಸ್ಟ್ ಪಾಸಾದರು. ತೋರಿಸಲೆಂದು ಲೈಸೆನ್ಸ್ ತಂದಿದ್ದರು. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಫೋಟೋ ಚೆನ್ನಾಗಿಲ್ಲ," ಅಂದಳು. ಹೊಟ್ಟೆಕಿಚ್ಚು ಕಣ್ಣಿಗೆ ಹೊಡೆಯುವಂತಿತ್ತು. ಆಮೇಲೆ ಕೈ ಮುಗಿದಳು. ಮೇಷ್ಟ್ರು ನಾಚಿಕೊಂಡು ನೀರು ಕೇಳಿದರು.

ಈಗ ಮಾತ್ರೆ ಹೊತ್ತಿಗೆ ಸರಿಯಾಗಿ, ನಡಿಗೆ ದಿನಾ ಸಂಜೆ. ಮೊನ್ನೆ ಹಾಗೆ ಗಂಡನ ಜೊತೆ ಹೋಗುತ್ತಿದ್ದವಳು ಬೀದಿಯ ಮಧ್ಯೆ ತಟ್ಟನೆ ನಿಂತಳು. ಗಂಡನ ಮುಖ ಬಿಳಿಚಿತು.

"ಏನಾಯ್ತೇ? ದವಡೆನಾ? ಭುಜನಾ?"

"ಅಲ್ಲ ರೀ, ಅಲ್ನೋಡಿ," ಎಂದು ಅವಳು, ಹಿಂದಕ್ಕೆ ಬರುತ್ತ ಕಸದ ತೊಟ್ಟಿಗೆ ಗುರಿಯಿಟ್ಟಿದ್ದ ಒಂದು ಕಾರಿನತ್ತ ಬಿರಬಿರನೆ ನಡೆದು, ಅದರ ಕಿಟಕಿ ಬಡಿದಳು.