ಮುಂದಿನ ಸೀಟಿನ ಡಬ್ಬಿ

ಶಿಶುವಿಹಾರಕ್ಕೆ ಊಟ ಮಾಡಿಕೊಡುವ ಅಡುಗೆಮನೆಯ ಹಿಂಬಾಗಿಲಲ್ಲಿ ತಮ್ಮನ ವ್ಯಾನು ನಿಂತಿತ್ತು. ಊಟದ ಪಾತ್ರೆಗಳನ್ನು ಏರಿಸಿಯಾಗಿತ್ತು. ಸಹಾಯಕ್ಕೆಂದು ಬಂದು ಇಣುಕಿದ ಅಕ್ಕನ ಮೂಗಿಗೆ ಹಸಿ ಕೋಳಿಯ ವಾಸನೆ ಬಡಿಯಿತು. ಬೆಳಿಗ್ಗೆ ಅಂಗಡಿಗಳಿಗೆ ಕೋಳಿಮಾಂಸ, ಮಧ್ಯಾಹ್ನ ಶಿಶುವಿಹಾರಕ್ಕೆ ಊಟ. ಎರಡಕ್ಕೂ ಇದೊಂದೇ ಗಾಡಿ. ತಗಡಿನ ನೆಲದ ಗೆರೆಗಳಲ್ಲಿ ತೆಳ್ಳಗೆ ಕೆಂಪು ನೀರು ನಿಂತಿತ್ತು. ಅದರ ಮೇಲೇ ಅನ್ನ, ಸೂಪಿನ ಪಾತ್ರೆ, ಹೆಚ್ಚಿದ ಹಣ್ಣಿನ ಬುಟ್ಟಿ.

ಅವಳು ಆಹಾರ ತಪಾಸಣೆಯ ಅಧಿಕಾರಿ. ದೊಡ್ಡ ಕಂಪನಿಗಳ ಲಾರಿಗಳನ್ನು ನಿಲ್ಲಿಸಿ ಚಾಲಕರ ಬೆವರಿಳಿಸುವವಳು. ಆದರೆ ತಮ್ಮನಂಥ ಸಣ್ಣ ವ್ಯಾಪಾರದವರಿಗೆ ಸಾಗಣೆಯ ನಿಯಮಗಳಿಂದ ವಿನಾಯಿತಿ ಇತ್ತು. ಗಾಡಿ ಕೊಂಡ ದಿನ ಅವನ ತಲೆಭಾರ ಇಳಿಯಲೆಂದು ಅದನ್ನು ಹೇಳಿಕೊಟ್ಟವಳೂ ಅವಳೇ. ಇವತ್ತು ರಜೆ. ಶಿಶುವಿಹಾರದಲ್ಲಿರುವ ತಮ್ಮನ ಮಗಳು ಪುಟ್ಟಿಯನ್ನು ನೋಡಿ ಬರೋಣವೆಂದು ಜೊತೆಗೆ ಹೊರಟಿದ್ದಳು.

“ತೊಳೆದಿಲ್ವೇನೋ?”

“ತೊಳೀತಾ ಕೂತ್ರೆ ಮಕ್ಕಳ ಊಟ ಸಂಜೆ ತಿಂಡಿ ಆಗತ್ತೆ. ಮುಚ್ಚಳ ಇದೆಯಲ್ಲಕ್ಕ.”

“ಹಣ್ಣಿಗೆ?”

“ಬಟ್ಟೆ ಹೊದಿಸಿದೀನಿ.” ಅವನು ನಕ್ಕ. “ಆಫೀಸರಮ್ಮನಿಗೆ ರಜೆಯಲ್ಲೂ ಡ್ಯೂಟೀನಾ? ನಮಗೆಲ್ಲ ರೂಲ್ಸೇ ಇಲ್ಲ ಅಂತ ನೀನೇ ತಾನೇ ಹೇಳಿದ್ದು?”

ನಾಳೆ ಯಾರಾದರೂ ದೂರು ಕೊಟ್ಟರೆ ಅದು ಅವಳ ಮೇಜಿಗೇ ಬರುತ್ತದೆ. ನಮಗೆ ಅಧಿಕಾರವಿಲ್ಲ ಎಂದು ಅವಳೇ ಉತ್ತರ ಕೊಡಬೇಕಾಗುತ್ತದೆ.

ಮುಂದಿನ ಸೀಟಿನಲ್ಲಿ ಕೂರಲು ಹೋದರೆ ಅಲ್ಲೊಂದು ಪುಟ್ಟ ನೀಲಿ ಡಬ್ಬಿ, ಒಗೆದ ಟವೆಲಿನಲ್ಲಿ ಬೆಚ್ಚಗೆ ಸುತ್ತಿಟ್ಟದ್ದು.

“ಇದು ಯಾರದ್ದೋ?”

“ಪುಟ್ಟೀದು.”

“ಅವಳಿಗೂ ಅಲ್ಲೇ ಊಟ ಕೊಡ್ತಾರಲ್ಲ.”

“ಅವಳಿಗೆ ಖಾರ ಆಗಲ್ಲ.”

“ಶಿಶುವಿಹಾರದ ಊಟಕ್ಕೆ ಖಾರ ಹಾಕ್ತಾರಾ?”

ಸ್ಟೀರಿಂಗ್ ಮುಂದೆ ಕೂತಿದ್ದ ಅವನು ಗಾಡಿಯ ಕನ್ನಡಿಯನ್ನು ಅತ್ತಿತ್ತ ತಿರುಗಿಸಿದ. ಅದು ಮೊದಲೇ ಸರಿಯಾಗಿತ್ತು.

ಅವಳು ಡಬ್ಬಿ ಎತ್ತಿಕೊಂಡು ಹಿಂದಕ್ಕೆ ಹೋದಳು. ಟವೆಲು ಬಿಚ್ಚಿ, ಒದ್ದೆ ನೆಲದ ಮೇಲೆ ಹಣ್ಣಿನ ಬುಟ್ಟಿಯ ಪಕ್ಕದಲ್ಲಿಟ್ಟು ಬಂದು ಕೂತಳು.

“ನಡಿ, ಹೊತ್ತಾಯ್ತು.”

ಅವನ ಕೈ ಕೀಲಿಯ ಮೇಲಿತ್ತು, ತಿರುಗಲಿಲ್ಲ.

“ಅಕ್ಕ, ಅದನ್ನ ಅಲ್ಲಿಂದ ತೆಗಿ.”

“ಮುಚ್ಚಳ ಇದೆಯಲ್ಲ.”

ಒಳಗೆ ಯಾರೋ ಪಾತ್ರೆ ಉಜ್ಜುತ್ತಿದ್ದರು. ಆ ಸದ್ದು ನಿಂತಿತು, ಮತ್ತೆ ಶುರುವಾಯಿತು. ತಮ್ಮ ಅವಳ ಕಡೆ ನೋಡದೆ ಇಳಿದು ಹಿಂದಕ್ಕೆ ಹೋದ. ಅವಳೂ ಹೋದಳು. ಅವನು ಡಬ್ಬಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದ.

“ಅದನ್ನಿನ್ನು ಪುಟ್ಟಿಗೆ ಕೊಡಬೇಡ,” ಎಂದಳು.

“ಗೊತ್ತು.”

ಆ ಮಾತು ಆಡಿದ ಮೇಲೆ ಅವನು ತಲೆ ಎತ್ತಲಿಲ್ಲ. ಡಬ್ಬಿಯನ್ನು ಪಕ್ಕಕ್ಕಿಟ್ಟು ಸೂಪಿನ ಪಾತ್ರೆಗೆ ಕೈ ಹಾಕಿದ. ಇನ್ನೊಂದು ಹಿಡಿಯನ್ನು ಅವಳು ಹಿಡಿದಳು. ಎಲ್ಲವನ್ನೂ ಒಳಕ್ಕೆ ಸಾಗಿಸಿ, ಬೇರೆ ಊಟ ಆಗಲಿ ಎಂದು ಅಡುಗೆಯವಳಿಗೆ ಹೇಳಿ, ಬೈಸಿಕೊಂಡು, ಸೋಪಿನ ಪುಡಿ ತಂದಳು. ಅವನು ನಲ್ಲಿಗೆ ಪೈಪು ಸಿಕ್ಕಿಸಿದ್ದ.

“ನಾಳೆ?” ಎಂದು ಕೇಳಿದಳು.

ನೀರಿನ ಸದ್ದಿಗೆ ಕೇಳಿಸಲಿಲ್ಲವೋ ಏನೋ. ಅವನು ಬಗ್ಗಿ ಉಜ್ಜುತ್ತಲೇ ಇದ್ದ.