ಅಗಲಿದ ಅಕ್ಕನ ನೆನಪಿಗೆ

ತಮ್ಮ ಕರೆದಿರಲಿಲ್ಲ. ಆದರೂ, ಒಡಹುಟ್ಟಿದವನು ಗಾಲಿಕುರ್ಚಿ ದಾನ ಮಾಡ್ತಾನಂತೆ ಅಂತ ಪೇಪರಿನಲ್ಲಿ ಓದಿದ ಮೇಲೆ ಅಕ್ಕನಿಗೆ ಮನೆಯಲ್ಲಿ ಇರಲಾಗಲಿಲ್ಲ. ಟ್ಯಾಕ್ಸಿ ಮಾಡಿಕೊಂಡು ಬಂದೇಬಿಟ್ಟಳು. ಚಿಕ್ಕಂದಿನಿಂದ ಅವಳಿಗೆ ಕಾಲುಗಳಲ್ಲಿ ಶಕ್ತಿಯಿಲ್ಲ. ಕೂತ ಹಳೇ ಕುರ್ಚಿಯ ಎಡಗಾಲಿಯಂತೂ ಕಿರ್ರೋ ಅನ್ನದೆ ಒಂದು ಮಾರು ಹೋಗದು. ಸಭಾಂಗಣದ ಬಾಗಿಲಲ್ಲಿ ಬ್ಯಾಡ್ಜ್ ಹಾಕಿಕೊಂಡ ಹುಡುಗಿ ನೋಡಿದ್ದೇ ತಡ, "ಬನ್ನಿ ಆಂಟಿ, ಕುರ್ಚಿ ತಗೊಳ್ಳೋರು ಈ ಕಡೆ" ಅಂತ ತಳ್ಳಿಕೊಂಡು ಹೋಗಿ ಮುಂದಿನ ಸಾಲಿಗೆ ಸೇರಿಸಿದಳು. ಬಾಯಿ ತೆಗೆಯೋಕೆ ಬಿಟ್ಟರೆ ತಾನೇ!

ವೇದಿಕೆಯ ಮೇಲೆ ಗೋಡೆಯಗಲದ ಫೋಟೋ. ಎರಡು ಜಡೆ, ವಾರೆ ಹಲ್ಲು. ಅರೆ, ಇದು ನಾನೇ ಅಲ್ವಾ! ಅಕ್ಕ ಹಿಗ್ಗಿ ಹೀರೇಕಾಯಿಯಾದಳು. ಆಮೇಲೆ ಕೆಳಗಿನ ಅಕ್ಷರ ಓದಿದಳು: 'ಅಗಲಿದ ಅಕ್ಕನ ನೆನಪಿಗೆ.'

ಕಣ್ಣುಜ್ಜಿಕೊಂಡು ಮತ್ತೆ ಓದಿದಳು.

ಮೈಕಿನಲ್ಲಿ ತಮ್ಮ ಶುರುಮಾಡಿದ್ದ. "ಔಷಧಿ ಅಂಗಡಿವರೆಗೆ ಹೋಗೋಕಾಗದೆ ನನ್ನಕ್ಕ ನನ್ನ ಕಣ್ಣೆದುರೇ ಹೋಗಿಬಿಟ್ಟಳು. ಅವತ್ತೇ ಪಣ ತೊಟ್ಟೆ!"

ಅಬ್ಬಬ್ಬಾ, ಎಂಥ ಸುಳ್ಳು! ಔಷಧಿ ಮನೆಗೇ ತಂದುಕೊಡೋರು ಇದ್ದಿದ್ರೆ ಅಂತ ಅವಳು ಗೊಣಗಿದ್ದನ್ನೇ ಹಿಡಿದು ಅವನು ಆ್ಯಪ್ ಮಾಡಿದ್ದು. ಅವಳು ಅಡುಗೆಮನೆಯಲ್ಲಿ ಮಲಗಿ ಬಿಟ್ಟುಕೊಟ್ಟ ಕೋಣೆಯಲ್ಲೇ ಕಂಪನಿ ಕಟ್ಟಿದ್ದು. ಅದನ್ನು ಮಾರಿ ಈಗ ದೊರೆ ದಾನಶೂರನಾಗಿದ್ದಾನೆ. ಊರಿಗೆ ಉಪಕಾರಿ, ಮನೆಗೆ ಮಾರಿ. ಥೂ, ಅವನ ಜನ್ಮಕ್ಕಿಷ್ಟು!

ಕುರ್ಚಿ ತಗೊಳ್ಳೋರ ಕೈಕುಲುಕಲು ಕೆಳಗಿಳಿದು ಬಂದವನು ಅವಳನ್ನು ಕಂಡು ಬಿಳಿಚಿಕೊಂಡ. ಕ್ಯಾಮೆರಾ ಎದುರಿಗಿತ್ತಲ್ಲ, ನಗುತ್ತಲೇ ಬಗ್ಗಿ ತಬ್ಬಿಕೊಂಡ.

"ಅಕ್ಕಾ, ನಿನ್ನ ದಮ್ಮಯ್ಯ, ಇವತ್ತೊಂದಿನ ಸುಮ್ಮನಿರು," ಕಿವಿಯಲ್ಲಿ ಪಿಸುಗುಟ್ಟಿದ. "ಎಲ್ಲೋ ಒಂದ್ಸಲ ಮಾತಿನ ಭರದಲ್ಲಿ ಹೇಳಿಬಿಟ್ಟೆ. ಜನ ಅತ್ತುಬಿಟ್ರು. ಆಮೇಲೆ ನಿನ್ನ ಬದುಕಿಸೋಕೆ ಆಗಲಿಲ್ಲ. ಬೇಕಾದ್ರೆ ಮೋಟಾರಿನ ಕುರ್ಚಿ ಕಳಿಸ್ತೀನಿ."

ಅವನ ಸೆಂಟಿನ ವಾಸನೆಗೆ ಅವಳು ಮುಖ ಪಕ್ಕಕ್ಕೆ ತಿರುಗಿಸಿದಳು. ಆದರೂ, ಹಾಳಾಗಿ ಹೋಗಲಿ, ಮಡಿಲಲ್ಲಿ ಆಡಿಸಿದ ತಮ್ಮ, ಸಭೆಯಲ್ಲಿ ಮಾನ ಕಳೆಯೋದ್ಯಾಕೆ ಅಂತ ತುಟಿ ಬಿಗಿಹಿಡಿದಳು.

"ಅಗಲಿದ ಆ ಜೀವಕ್ಕೆ ಒಂದು ನಿಮಿಷ ಮೌನ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಬೇಕು!" ನಿರೂಪಕ ಕೂಗಿದ.

ಮುಂದಿನ ಸಾಲಿನ ಗಾಲಿಕುರ್ಚಿಯವರೆಲ್ಲ ಮುಖ ಮುಖ ನೋಡಿಕೊಂಡರು. ಹಿಂದಿನಿಂದ ಯಾರೋ "ಎದ್ದೇಳಿ, ಎದ್ದೇಳಿ" ಅಂತ ಗದರಿದರು ಕೂಡ. ಮತ್ತೆ ವೇದಿಕೆ ಹತ್ತಿ ಫೋಟೋದ ಮುಂದೆ ನಿಂತ ತಮ್ಮ ತಲೆ ತಗ್ಗಿಸಿ, ನಲ್ಲಿ ತಿರುಗಿಸಿದ ಹಾಗೆ ಕಣ್ಣೀರು ಸುರಿಸಿದ.

ಅದೊಂದನ್ನು ಮಾತ್ರ ಅವಳಿಂದ ನೋಡಲಾಗಲಿಲ್ಲ. ಆ ಮೌನದಲ್ಲಿ ಎಡಗಾಲಿ ಕಿರ್ರೋ ಅಂದಿತು. ಇಡೀ ಸಭೆ ತಿರುಗಿ ನೋಡುತ್ತಿದ್ದ ಹಾಗೆ ಅವಳು ವೇದಿಕೆಯ ಬುಡಕ್ಕೆ ಹೋಗಿ ಕುರ್ಚಿ ನಿಲ್ಲಿಸಿದಳು.

"ಲೋ ತಮ್ಮಾ, ಇಷ್ಟು ದಿನ ಅತ್ತಿದ್ದೆಲ್ಲ ಸುಳ್ಳಿಗೆ," ಅಂದಳು. "ನಿನ್ನ ಪಾಲಿಗೆ ಅಕ್ಕ ಇವತ್ತು ಸತ್ತಳು. ಈಗ ಅಳು."